ಮೇಫ್ಲವರ್ ಹಡಗಿನ ನಾಲ್ಕು ಮಕ್ಕಳು, ಅಟ್ಟದ ಮೇಲಿದ್ದ ಒಂದು ಕಾಗದ

ಅಮೆರಿಕದ ಕಂಪನಿಗಳ ಜೊತೆ ಕೆಲಸ ಮಾಡುವವರಿಗೆ ಇದು ಗೊತ್ತಿರುತ್ತೆ. ನವೆಂಬರ್ ಕೊನೆಯ ವಾರ, ಥ್ಯಾಂಕ್ಸ್‌ಗಿವಿಂಗ್ ರಜೆ ಹತ್ತಿರ ಬಂತು ಅಂದರೆ ಮೀಟಿಂಗ್ ಶುರುವಾಗುವ ಮೊದಲಿನ ಐದು ನಿಮಿಷ ಟರ್ಕಿ ಕೋಳಿಯ ಮಾತು. ಅದರ ಮಧ್ಯೆ ಯಾರಾದರೊಬ್ಬರು, ಸ್ವಲ್ಪ ಸಂಕೋಚ, ಸ್ವಲ್ಪ ಹೆಮ್ಮೆ ಬೆರೆಸಿ ಹೇಳುತ್ತಾರೆ: "ನಮ್ಮ ಪೂರ್ವಜರು ಮೇಫ್ಲವರ್‌ನಲ್ಲಿ ಬಂದವರು." 1620ರಲ್ಲಿ ಇಂಗ್ಲೆಂಡಿನಿಂದ 102 ಪ್ರಯಾಣಿಕರನ್ನು ಹೊತ್ತು ಅಟ್ಲಾಂಟಿಕ್ ದಾಟಿದ ಹಡಗು ಅದು. ನಮ್ಮೂರಲ್ಲಿ "ನಮ್ಮ ಮುತ್ತಜ್ಜ ಮೈಸೂರು ಅರಮನೆಯಲ್ಲಿದ್ದವರು" ಅನ್ನುವ ಹಾಗೆ.

ಬಾಯಲ್ಲಿ ಹೇಳಿದರೆ ಸಾಲದು, ಸಾಬೀತು ಮಾಡಬೇಕು. ಅದಕ್ಕೇ ಅಂತ 1897ರಿಂದ ಮೇಫ್ಲವರ್ ವಂಶಸ್ಥರ ಸಂಘ ಇದೆ. ನಿಮ್ಮಿಂದ ಹಿಡಿದು ಹಡಗಿನಲ್ಲಿದ್ದ ಆ ವ್ಯಕ್ತಿಯವರೆಗೆ ಪ್ರತಿ ತಲೆಮಾರಿಗೂ ಜನನ, ಮದುವೆ, ಮರಣದ ದಾಖಲೆ ಜೋಡಿಸಬೇಕು. ಒಂದು ಕೊಂಡಿ ಕಳಚಿದರೂ ಅರ್ಜಿ ವಾಪಸ್. ಆದರೂ ಈ ಕೆಲಸ ಅಷ್ಟೇನೂ ಕಷ್ಟವಲ್ಲ, ಯಾಕೆಂದರೆ ನ್ಯೂ ಇಂಗ್ಲೆಂಡಿನ ಊರುಗಳು ದಾಖಲೆ ಇಡುವುದರಲ್ಲಿ ಗಟ್ಟಿ. ನಿಜವಾದ ಕಷ್ಟ ಸಮುದ್ರ ದಾಟುವಾಗ. ಹಡಗಿನಿಂದ ಇಳಿದವನು ಇಂಗ್ಲೆಂಡಿನ ಯಾವ ಹಳ್ಳಿಯವನು? ಯಾರ ಮಗ? ಅಲ್ಲಿಗೆ ಬಂದಾಗ ಎಷ್ಟೋ ವಂಶವೃಕ್ಷಗಳು ಬುಡವಿಲ್ಲದೆ ನಿಲ್ಲುತ್ತವೆ.

ಹಾಗೆ ನಿಂತಿದ್ದ ಒಂದು ಮರ ರಿಚರ್ಡ್ ಮೋರ್ ಅವನದು. ಅದರ ಬುಡ ಸಿಕ್ಕಿದ ಕಥೆಯನ್ನು ಓದಿದ ಮೇಲೆ "ನಮ್ಮ ಪೂರ್ವಜರು ಮೇಫ್ಲವರ್‌ನಲ್ಲಿ ಬಂದವರು" ಅಂತ ಯಾರಾದರೂ ಹೇಳಿದಾಗ ನನಗೆ ಮೊದಲಿನ ಹಾಗೆ ಸುಮ್ಮನೆ ತಲೆಯಾಡಿಸಲು ಆಗಿಲ್ಲ.

ಸೇಲಂ ಊರಿನ ಚಾರ್ಟರ್ ಸ್ಟ್ರೀಟ್ ಸ್ಮಶಾನದಲ್ಲಿ ಅವನ ಸಮಾಧಿ ನೋಡಿದ್ದೇನೆ. (ಮಾವಿನಹಣ್ಣಿನ ಸೇಲಂ ಅಲ್ಲ, ಬಾಸ್ಟನ್ ಪಕ್ಕದ ಸೇಲಂ.) ಅಲ್ಲಿಗೆ ಬರುವವರೆಲ್ಲ 1692ರ ಮಾಟಗಾತಿ ವಿಚಾರಣೆಯ ಕಥೆ ಕೇಳಿಕೊಂಡು ಬರುತ್ತಾರೆ, ಆ ವಿಚಾರಣೆ ನಡೆಸಿದ ನ್ಯಾಯಾಧೀಶ ಜಾನ್ ಹಾಥಾರ್ನ್ ಸಮಾಧಿಯ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅದೇ ಸ್ಮಶಾನದಲ್ಲಿ ಕ್ಯಾಪ್ಟನ್ ರಿಚರ್ಡ್ ಮೋರ್ ಇದ್ದಾನೆ. ಮೇಫ್ಲವರ್ ಪ್ರಯಾಣಿಕರ ಪೈಕಿ, ನೆಟ್ಟ ಜಾಗದಲ್ಲೇ ಇಂದಿಗೂ ಉಳಿದಿರುವ ಸಮಾಧಿಕಲ್ಲು ಇವನದೊಂದೇ. ಕಲ್ಲಿನ ಕೆಳಭಾಗದಲ್ಲಿರುವ ಮೇಫ್ಲವರ್ ಪಿಲ್‌ಗ್ರಿಮ್ ಎಂಬ ಸಾಲು ಅವನ ಕಾಲದ್ದಲ್ಲ, ಎಷ್ಟೋ ಕಾಲದ ನಂತರ ಯಾರೋ ಕೆತ್ತಿಸಿದ್ದು. ಅವನ ಸುತ್ತಮುತ್ತ ಇದ್ದವರಿಗೆ ಅವನು ಕ್ಯಾಪ್ಟನ್, ಅಷ್ಟೇ.

ಇವನ ಬಾಲ್ಯದ ಬಗ್ಗೆ ತುಂಬ ಕಾಲ ಸಿಗುತ್ತಿದ್ದದ್ದು ಕೆಲವೇ ಸಾಲು. ಪ್ಲಿಮತ್ ವಸಾಹತಿನ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ 1651ರ ಸುಮಾರಿಗೆ ಕೂತು, ಹಡಗಿನಲ್ಲಿ ಬಂದವರೆಲ್ಲರ ಪಟ್ಟಿ ಬರೆದಿಟ್ಟ. ಮನೆ ಯಜಮಾನ, ಹೆಂಡತಿ, ಮಕ್ಕಳು, ಆಳುಗಳು, ಹೀಗೆ. ಆ ಹಸ್ತಪ್ರತಿಯದೇ ಒಂದು ದೊಡ್ಡ ಕಥೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಗಲಾಟೆಯಲ್ಲಿ ಕಾಣೆಯಾಯಿತು, 1855ರಲ್ಲಿ ಲಂಡನ್ ಬಿಷಪ್ಪರ ಫುಲ್ಹಮ್ ಅರಮನೆಯ ಗ್ರಂಥಾಲಯದಲ್ಲಿ ಪತ್ತೆಯಾಯಿತು, ಮರುವರ್ಷ ಅಚ್ಚಾಯಿತು, 1897ರಲ್ಲಿ ಮ್ಯಾಸಚೂಸೆಟ್ಸ್‌ಗೆ ವಾಪಸ್ ಬಂತು. ಅದು ಅಚ್ಚಾಗುವ ತನಕ ಅಮೆರಿಕದವರು ತಮ್ಮ ಮೂಲಪುರುಷರ ಬಗ್ಗೆ ಊಹೆಯಲ್ಲೇ ಕಾಲ ಹಾಕಿದ್ದರು.

ಬ್ರಾಡ್‌ಫರ್ಡ್ ಪಟ್ಟಿಯಲ್ಲಿ ಮೋರ್ ಮಕ್ಕಳು ಮೂರು ಮನೆಗಳಲ್ಲಿ ಸಿಗುತ್ತಾರೆ. ಜಾನ್ ಕಾರ್ವರ್ ಮನೆಯಲ್ಲಿ ಜಾಸ್ಪರ್. ಎಡ್ವರ್ಡ್ ವಿನ್ಸ್‌ಲೋ ಮನೆಯಲ್ಲಿ ಎಲೆನ್ ಎಂಬ ಪುಟ್ಟ ಹುಡುಗಿ, ರಿಚರ್ಡ್ ಮೋರನ ಅಕ್ಕ. ವಿಲಿಯಂ ಬ್ರೂಸ್ಟರ್ ಮನೆಯಲ್ಲಿ ರಿಚರ್ಡ್ ಮತ್ತು ಅವನ ಇನ್ನೊಬ್ಬ ಸಹೋದರ. ಎಲ್ಲರೂ ಆ ಮನೆಗಳಿಗೆ "ಒಪ್ಪಿಸಿದ" ಮಕ್ಕಳು. ಅಪ್ಪ ಅಮ್ಮನ ಸುದ್ದಿಯೇ ಇಲ್ಲ.

ಹಾಗಾದರೆ ಯಾರು ಇವರು? ಅನಾಥರು ಅಂತಲೇ ಬಹಳ ಜನ ಅಂದುಕೊಂಡರು. ಆ ಊಹೆಗೆ ಆಧಾರವೂ ಇತ್ತು. ಹಿಂದಿನ ವರ್ಷ, 1619ರಲ್ಲಿ, ಲಂಡನ್ ನಗರಾಡಳಿತ ಬೀದಿಯಲ್ಲಿದ್ದ ಸುಮಾರು ನೂರು ಬಡಮಕ್ಕಳನ್ನು ವರ್ಜೀನಿಯಾಕ್ಕೆ ಹಡಗು ಹತ್ತಿಸಿತ್ತು. ಇವರೂ ಅಂಥವರೇ ಇರಬೇಕು ಅನ್ನುವುದು ಲೆಕ್ಕ.

ಗಂಟು ಬಿಚ್ಚಿದ್ದು ಒಂದು ಚರ್ಚಿನ ರಿಜಿಸ್ಟರ್. ಇಂಗ್ಲೆಂಡಿನಲ್ಲಿ 1538ರಿಂದ ಪ್ರತಿ ಚರ್ಚೂ ತನ್ನ ವ್ಯಾಪ್ತಿಯ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರ ಬರೆದಿಡಬೇಕು ಎಂಬ ಆಜ್ಞೆಯಿತ್ತು. ವೇಲ್ಸ್ ಗಡಿಗೆ ಅಂಟಿಕೊಂಡ ಶ್ರಾಪ್‌ಶೈರ್ ಜಿಲ್ಲೆಯಲ್ಲಿ ಶಿಪ್ಟನ್ ಅಂತ ಒಂದು ಪುಟ್ಟ ಹಳ್ಳಿ. ಅಲ್ಲಿನ ರಿಜಿಸ್ಟರ್‌ನಲ್ಲಿ 20ನೇ ಶತಮಾನದ ಆರಂಭದಲ್ಲಿ ಸಂಶೋಧಕರ ಕಣ್ಣಿಗೆ ಬಿದ್ದ ದೀಕ್ಷಾಸ್ನಾನಗಳು ಇವು: 1612ರ ಮೇ ತಿಂಗಳಲ್ಲಿ ಎಲೆನ್, 1613ರ ಆಗಸ್ಟ್‌ನಲ್ಲಿ ಜಾಸ್ಪರ್, 1614ರ ನವೆಂಬರ್‌ನಲ್ಲಿ ರಿಚರ್ಡ್, 1616ರ ಏಪ್ರಿಲ್‌ನಲ್ಲಿ ಮೇರಿ. ನಾಲ್ವರೂ ಸ್ಯಾಮ್ಯುಯೆಲ್ ಮೋರ್ ಮತ್ತು ಕ್ಯಾಥರಿನ್ ದಂಪತಿಯ ಮಕ್ಕಳು. ರಿಚರ್ಡ್ ಹೆಸರು ಬೀದಿಗೊಂದು ಸಿಗುತ್ತೆ, ಆದರೆ ಎಲೆನ್, ಜಾಸ್ಪರ್, ರಿಚರ್ಡ್ ಮೂರೂ ಒಂದೇ ಮೋರ್ ಮನೆಯಲ್ಲಿ ಸಿಗುವುದು ಕಾಕತಾಳೀಯ ಅಲ್ಲ.

ಇಲ್ಲಿ ಇನ್ನೊಂದು ವಿಷಯವೂ ಹೊರಬಿತ್ತು. ನಾಲ್ಕನೆಯದು ಹುಡುಗಿ, ಮೇರಿ. ಬ್ರಾಡ್‌ಫರ್ಡ್ "ರಿಚರ್ಡನ ಇನ್ನೊಬ್ಬ ಸಹೋದರ" ಅಂತ ಬರೆದದ್ದು ಇವಳನ್ನೇ. ಮೂವತ್ತು ವರ್ಷದ ನಂತರ ನೆನಪಿನಿಂದ ಬರೆಯುವಾಗ, ಮೊದಲ ಚಳಿಗಾಲದಲ್ಲೇ ತೀರಿಹೋದ ನಾಲ್ಕು ವರ್ಷದ ಮಗು ಗಂಡೋ ಹೆಣ್ಣೋ ಅನ್ನುವುದು ಮರೆತುಹೋಗಿತ್ತು.

ಹೆಸರು ಸಿಕ್ಕಿತು, ಊರು ಸಿಕ್ಕಿತು. ಆದರೆ ಒಗಟು ಇನ್ನೂ ದೊಡ್ಡದಾಯಿತು. ಈ ಮೋರ್‌ಗಳು ಬೀದಿಯ ಬಡವರಲ್ಲ, ಜಮೀನ್ದಾರರು. ಕ್ಯಾಥರಿನ್ ತವರು ಲಾರ್ಡನ್ ಎಸ್ಟೇಟ್, ಸ್ಯಾಮ್ಯುಯೆಲ್ ತಂದೆಯದು ಲಿನ್ಲಿ ಎಸ್ಟೇಟ್. ಅಂಥ ಮನೆಯ ಎಂಟು, ಏಳು, ಐದು, ನಾಲ್ಕು ವರ್ಷದ ಮಕ್ಕಳು ಅಪ್ಪ ಅಮ್ಮ ಇಲ್ಲದೆ ಕಾಡು ನೆಲಕ್ಕೆ ಹೋಗುವ ಹಡಗಿನಲ್ಲಿ ಯಾಕಿದ್ದರು?

ಉತ್ತರ ಬಂದದ್ದು 1959ರಲ್ಲಿ. ಆಂಥನಿ ವ್ಯಾಗ್ನರ್ ಎಂಬುವರು ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್ ಸಂಸ್ಥೆಯಲ್ಲಿ ಅಧಿಕಾರಿ, ವಂಶಾವಳಿ ಶಾಸ್ತ್ರದಲ್ಲಿ ದೊಡ್ಡ ಹೆಸರು. ಅವರ ಗೆಳೆಯ ಜಾಸ್ಪರ್ ಮೋರ್, ಸ್ಯಾಮ್ಯುಯೆಲ್ ಮೋರನ ವಂಶಸ್ಥ, ಮುಂದೆ ಪಾರ್ಲಿಮೆಂಟ್ ಸದಸ್ಯರಾದವರು. "ನಿಮ್ಮ ಮನೆಯಲ್ಲಿ ಹಳೇ ಕಾಗದಪತ್ರ ಏನಾದರೂ ಇದೆಯಾ ನೋಡಿ" ಅನ್ನುವಂಥ ಒತ್ತಾಯ ವ್ಯಾಗ್ನರ್ ಅವರದು. ಜಾಸ್ಪರ್ ಅಟ್ಟ ಹತ್ತಿ ಹುಡುಕಿದರು. 1622ರ ಒಂದು ಹೇಳಿಕೆ ಸಿಕ್ಕಿತು. ಬರೆಸಿದವನು ಸ್ಯಾಮ್ಯುಯೆಲ್ ಮೋರ್. ವಿಷಯ: ಕ್ಯಾಥರಿನ್ ಮೋರಳ ನಾಲ್ಕು ಮಕ್ಕಳ ವಿಲೇವಾರಿ.

ವಿಲೇವಾರಿ ಅನ್ನುವುದು ನನ್ನ ಅನುವಾದ. ಮೂಲದ ಪದಕ್ಕೆ ಇದಕ್ಕಿಂತ ಮೃದುವಾದ ಕನ್ನಡ ಹುಡುಕಬಹುದಿತ್ತು, ಹುಡುಕಲು ಮನಸ್ಸಾಗಲಿಲ್ಲ. ಅದರಲ್ಲಿ ಅವನು "ನನ್ನ ಮಕ್ಕಳು" ಅನ್ನುವುದಿಲ್ಲ ನೋಡಿ. ತನ್ನನ್ನು ಆಕೆಯ "ಹಿಂದೆ ಗಂಡನೆನಿಸಿಕೊಂಡಿದ್ದವನು" ಅಂತ ಕರೆದುಕೊಳ್ಳುತ್ತಾನೆ.

ಕಥೆ ಹೀಗಿದೆ. ಕ್ಯಾಥರಿನ್ ತಂದೆಗೆ ಗಂಡು ವಾರಸುದಾರ ಇರಲಿಲ್ಲ. ಆಸ್ತಿ ಮನೆತನದ ಹೊರಗೆ ಹೋಗಬಾರದು. ಅದಕ್ಕೆ 1611ರ ಫೆಬ್ರವರಿ 4ರಂದು ಶಿಪ್ಟನ್‌ನಲ್ಲಿ ದೂರದ ಸಂಬಂಧಿ ಸ್ಯಾಮ್ಯುಯೆಲ್ ಜೊತೆ ಮದುವೆ. (ಹಳೇ ದಾಖಲೆಯಲ್ಲಿ 1610 ಅಂತಿರುತ್ತೆ. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ, ನಮ್ಮ ಯುಗಾದಿಯ ಹತ್ತಿರ. 1752ರವರೆಗೂ ಹೀಗೇ ಇತ್ತು. ವಂಶ ಹುಡುಕುವ ಹೊಸಬರು ಮೊದಲು ಎಡವುವುದೇ ಇಲ್ಲಿ.) ವರನಿಗೆ ಹದಿನಾರೋ ಹದಿನೇಳೋ ವಯಸ್ಸು, ವಧು ಅವನಿಗಿಂತ ಏಳೆಂಟು ವರ್ಷ ದೊಡ್ಡವಳು. ಮದುವೆಯಾದದ್ದು ಅವರಿಬ್ಬರಿಗಲ್ಲ, ಎರಡು ಎಸ್ಟೇಟುಗಳಿಗೆ.

ಸ್ಯಾಮ್ಯುಯೆಲ್ ಲಂಡನ್ನಿನಲ್ಲಿ ಲಾರ್ಡ್ ಝೂಷ್ ಎಂಬ ಪ್ರಭಾವಿ ಕುಲೀನನ ಕಾರ್ಯದರ್ಶಿ. ಊರಿಗೆ ಬರುವುದು ಹೋಗುವುದು. ಊರಲ್ಲಿ ಜೇಕಬ್ ಬ್ಲೇಕ್‌ವೇ ಎಂಬ ಯುವಕ, ಮೋರ್ ಮನೆತನದ ಗೇಣಿ ಒಕ್ಕಲು. 1616ರ ಹೊತ್ತಿಗೆ ಸ್ಯಾಮ್ಯುಯೆಲ್ ಒಂದು ತೀರ್ಮಾನಕ್ಕೆ ಬಂದ. ಮಕ್ಕಳು ತನ್ನವಲ್ಲ. ಪುರಾವೆ? ಮುಖಚಹರೆ ಬ್ಲೇಕ್‌ವೇಯನ್ನು ಹೋಲುತ್ತದೆ ಎಂಬುದು. ಮೇರಿ ಹುಟ್ಟಿದ ಅದೇ ವರ್ಷ ಮಕ್ಕಳಿಗೆ ಆಸ್ತಿ ಹೋಗದಂತೆ ಪತ್ರ ಮಾಡಿಸಿದ. ನಾಲ್ವರನ್ನೂ ತಾಯಿಯಿಂದ ಬಿಡಿಸಿ, ಲಿನ್ಲಿ ಬಳಿ ತನ್ನ ತಂದೆಯ ಒಕ್ಕಲು ಮನೆಗಳಲ್ಲಿ ಇರಿಸಿದ.

ಕ್ಯಾಥರಿನ್ ಸುಮ್ಮನಿರಲಿಲ್ಲ. ಮಕ್ಕಳಿದ್ದಲ್ಲಿಗೆ ಹುಡುಕಿಕೊಂಡು ಹೋಗಿ ಎಳೆದಾಡಿದಳು, ಮಕ್ಕಳ ಮೈಮೇಲಿನ ಬಟ್ಟೆ ಹರಿದುಹೋಗುವಷ್ಟು. ಇದನ್ನು ಸ್ಯಾಮ್ಯುಯೆಲ್ ಬರೆಸಿದ್ದು ಆಕೆ ಎಂಥ ರಾಕ್ಷಸಿ ಎಂದು ತೋರಿಸಲು. ನನಗೆ ಅದರಲ್ಲಿ ಕಂಡದ್ದು, ಎರಡೂ ಕಡೆಯಿಂದ ಹಿಡಿದೆಳೆದ ಮಗುವಿನ ಅಂಗಿ. ಕೋರ್ಟಿಗೂ ಹೋದಳು. 1619ರ ಕೊನೆಯಿಂದ ಸುಮಾರು ಏಳು ತಿಂಗಳಲ್ಲಿ ಒಂದು ಡಜನ್ ಸಲ ವ್ಯಾಜ್ಯ ಹೂಡಿದಳು. ಬ್ಲೇಕ್‌ವೇ ಜೊತೆ ತನಗೆ ಮೊದಲೇ ಮದುವೆಯ ಒಪ್ಪಂದವಾಗಿತ್ತು, ಸಾಕ್ಷಿ ಕೊಡಲಾಗದಿದ್ದರೂ ದೇವರ ಮುಂದೆ ಅದೂ ಮದುವೆಯೇ ಎಂಬುದು ಆಕೆಯ ವಾದ. 1620ರ ಜುಲೈ 8ರಂದು ಕೇಸು ವಜಾ ಆಯಿತು.

ಅದಾದ ಸ್ವಲ್ಪ ದಿನಕ್ಕೇ ಮಕ್ಕಳನ್ನು ಗಾಡಿಯಲ್ಲಿ ಲಂಡನ್ನಿಗೆ ಸಾಗಿಸಿದರು. ಅಲ್ಲಿ ಮೇಫ್ಲವರ್ ಯಾತ್ರೆಗೆ ಬಂಡವಾಳ ಕೂಡಿಸುತ್ತಿದ್ದ ಥಾಮಸ್ ವೆಸ್ಟನ್ ಎಂಬ ವ್ಯಾಪಾರಿಯ ಮನೆ. ಅಲ್ಲಿಂದ ಜಾನ್ ಕಾರ್ವರ್ ಮತ್ತು ರಾಬರ್ಟ್ ಕುಶ್‌ಮನ್ ಕೈಗೆ. ಏಳು ವರ್ಷ ಇವರನ್ನು ಸಾಕಬೇಕು, ಕೊನೆಗೆ ತಲಾ 50 ಎಕರೆ ಜಮೀನು ಕೊಡಬೇಕು, ಖರ್ಚು ಸ್ಯಾಮ್ಯುಯೆಲ್ ಕಟ್ಟುತ್ತಾನೆ. ಇಲ್ಲೇ ಇದ್ದರೆ ವ್ಯಭಿಚಾರದ ಕಳಂಕ ಮಕ್ಕಳಿಗೆ ಅಂಟುತ್ತೆ, ದೂರ ಇದ್ದರೆ ಅವರಿಗೇ ಒಳ್ಳೆಯದು ಎಂಬುದು ಆತ ಕೊಟ್ಟ ಕಾರಣ. ಕಾರ್ವರ್ ಮತ್ತು ಕುಶ್‌ಮನ್ ಹೆಸರು ಈ ಕಾಗದದಲ್ಲಿ ಇದ್ದದ್ದರಿಂದಲೇ ಶಿಪ್ಟನ್‌ನ ಮೋರ್ ಮಕ್ಕಳೂ ಮೇಫ್ಲವರ್‌ನ ಮೋರ್ ಮಕ್ಕಳೂ ಒಂದೇ ಎಂಬುದು ಖಚಿತವಾಯಿತು. ಮರುವರ್ಷವೇ, 1960ರಲ್ಲಿ, ವ್ಯಾಗ್ನರ್ ಇದನ್ನು ನ್ಯೂ ಇಂಗ್ಲೆಂಡಿನ ವಂಶಾವಳಿ ಪತ್ರಿಕೆಯಲ್ಲಿ ಪ್ರಕಟಿಸಿದರು.

ಹಡಗು ಸೆಪ್ಟೆಂಬರ್ 6ರಂದು ಹೊರಟು ನವೆಂಬರ್‌ನಲ್ಲಿ ಕೇಪ್ ಕಾಡ್ ತಲುಪಿತು. ಡಿಸೆಂಬರ್ 6ಕ್ಕೆ ಜಾಸ್ಪರ್ ತೀರಿಕೊಂಡ, ಹಡಗು ಇನ್ನೂ ಅಲ್ಲೇ ಲಂಗರು ಹಾಕಿತ್ತು. ಆ ಚಳಿಗಾಲದಲ್ಲಿ ಬಂದವರಲ್ಲಿ ಅರ್ಧದಷ್ಟು ಜನ ಸತ್ತರು. ಎಲೆನ್ ಸತ್ತಳು, ಮೇರಿ ಸತ್ತಳು. ಉಳಿದವನು ರಿಚರ್ಡ್.

ಇಷ್ಟು ವಿವರ ಇರುವ 1622ರ ಹೇಳಿಕೆಯನ್ನು ಸ್ಯಾಮ್ಯುಯೆಲ್ ಬರೆಸಿದ್ದಾದರೂ ಯಾಕೆ? ಕ್ಯಾಥರಿನ್ ಮುಖ್ಯ ನ್ಯಾಯಾಧೀಶ ಜೇಮ್ಸ್ ಲೇ ಅವರಿಗೆ ಅರ್ಜಿ ಹಾಕಿದ್ದಳು. ನನ್ನ ಮಕ್ಕಳು ಎಲ್ಲಿದ್ದಾರೆ ಎಂದು ಕೇಳಿದ್ದಳು. ಅದಕ್ಕೆ ಕೊಟ್ಟ ಉತ್ತರ ಇದು. ಅಂದರೆ, ಹಡಗು ಹೋಗಿ ಒಂದು ವರ್ಷದ ಮೇಲಾದರೂ ತಾಯಿ ಕೇಳುತ್ತಲೇ ಇದ್ದಳು. ಅಷ್ಟು ಹೊತ್ತಿಗೆ ನಾಲ್ವರಲ್ಲಿ ಮೂವರು ಬದುಕಿರಲಿಲ್ಲ.

ಅಟ್ಟದಲ್ಲಿ ಸಿಕ್ಕಿದ್ದು ಗಂಡನ ಉತ್ತರ. ಹೆಂಡತಿಯ ಮಾತು ನಮಗೆ ಸಿಗುವುದು ಆ ಉತ್ತರದೊಳಗೆ ಅವನು ಎತ್ತಿ ಹೇಳಿದಷ್ಟೇ. ಒಂದು ಕಡೆಯವರ ಅಫಿಡವಿಟ್ ಮಾತ್ರ ಓದಿ ತೀರ್ಪು ಬರೆದ ಹಾಗೆ. ಅವನ ಮಾತು ನಿಜವೂ ಇರಬಹುದು; ಬ್ಲೇಕ್‌ವೇ ಸಂಬಂಧವನ್ನು ಆಕೆಯೂ ಅಲ್ಲಗಳೆದಂತೆ ಕಾಣುವುದಿಲ್ಲ. ಆದರೆ ನಾಲ್ಕು ಮಕ್ಕಳೂ ಬ್ಲೇಕ್‌ವೇಯವೇ, ಅದರಲ್ಲೂ ಮೊದಲ ಮಗು ಕೂಡ, ಎಂಬುದಕ್ಕೆ ಚಹರೆ ಬಿಟ್ಟು ಬೇರೆ ಏನಿದೆ? ಮುಂದೆ ಸ್ಯಾಮ್ಯುಯೆಲ್ ಇನ್ನೊಂದು ಮದುವೆಯಾದ, ಸಂಸಾರ ಬೆಳೆಯಿತು, ಆ ಸಂಸಾರದ ಅಟ್ಟದಲ್ಲಿ ಕಾಗದ ಉಳಿಯಿತು. ಅಟ್ಟ ಇದ್ದವರ ಮಾತು ಉಳಿಯುತ್ತೆ.

ಇದು ನಮಗೂ ಹೊಸದಲ್ಲ. ಉತ್ತರ ಕರ್ನಾಟಕದ ಹೆಳವರು ಎತ್ತಿನ ಮೇಲೆ ಬಂದು ಒಕ್ಕಲು ಮನೆತನದ ತಲೆಮಾರುಗಳನ್ನು ಹೇಳುವಾಗ ಸಾಲು ಹೋಗುವುದು ಗಂಡಸರ ಹೆಸರಿನಲ್ಲೇ. ಖಾತೆ ಬದಲಾವಣೆಗೆ ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಲು ಓಡಾಡಿದವರಿಗೆ ಇನ್ನೂ ಚೆನ್ನಾಗಿ ಗೊತ್ತು, ಮನೆತನದ ಮರ ಬರೆಯಿಸುವುದು ಪ್ರೀತಿಯಲ್ಲ, ಆಸ್ತಿ. ಶ್ರಾಪ್‌ಶೈರ್‌ನಲ್ಲೂ ಜಮೀನಿನ ಜಗಳ ಇಲ್ಲದಿದ್ದರೆ ಈ ಮಕ್ಕಳ ಸುದ್ದಿ ಒಂದು ಸಾಲೂ ಸಿಗುತ್ತಿರಲಿಲ್ಲ.

ಈಗ ತಮಾಷೆ ನೋಡಿ. ರಿಚರ್ಡ್ ಮೋರನ ವಂಶಸ್ಥರು ತುಂಬ ಹೆಮ್ಮೆಪಡುವ ವಿಷಯ ಒಂದಿದೆ: ರಾಜವಂಶದ ನಂಟು. ಇಂಗ್ಲೆಂಡಿನ ಒಂದನೇ ಎಡ್ವರ್ಡ್ ರಾಜನವರೆಗೆ, ಸ್ಕಾಟ್‌ಲೆಂಡಿನ ರಾಜರವರೆಗೆ ದಾಖಲೆ ಸಮೇತ ಹೋಗಬಲ್ಲ ಕೆಲವೇ ಮೇಫ್ಲವರ್ ಪ್ರಯಾಣಿಕರಲ್ಲಿ ಈ ಮಕ್ಕಳು ಸೇರುತ್ತಾರೆ. ಆ ದಾರಿ ಹೋಗುವುದು ಯಾರ ಮೂಲಕ? ಕ್ಯಾಥರಿನ್ ಮೂಲಕ. ಅಪ್ಪ ಯಾರೆಂದು ಜಗಳವಾಡಿದರೂ ಅಮ್ಮ ಯಾರೆಂಬುದರಲ್ಲಿ ಜಗಳವಿಲ್ಲವಲ್ಲ. ಯಾರ ಹೆಸರು ಕಳಂಕ ಅಂತ ಮಕ್ಕಳನ್ನು ಸಮುದ್ರದಾಚೆ ಅಟ್ಟಿದರೋ ಅವಳ ಹೆಸರೇ ಇಂದು ಫ್ರೇಮ್ ಹಾಕಿಸಿದ ಚಾರ್ಟ್‌ಗಳಲ್ಲಿ ಮೇಲ್ದಾರಿ. ಹಾಗಂತ ರಾಜರಕ್ತ ಅಂದ ತಕ್ಷಣ ಕಣ್ಣರಳಿಸಬೇಕಿಲ್ಲ. ಹತ್ತು ತಲೆಮಾರು ಹಿಂದೆ ಹೋದರೆ ಪ್ರತಿಯೊಬ್ಬರ ಮರದಲ್ಲೂ 1,024 ಜಾಗಗಳಿರುತ್ತವೆ, ಇಪ್ಪತ್ತಕ್ಕೆ ಹತ್ತು ಲಕ್ಷ ದಾಟುತ್ತೆ. ಎಲ್ಲೋ ಒಂದು ಕಡೆ ರಾಜ ಸಿಕ್ಕೇ ಸಿಗುತ್ತಾನೆ, ಕಳ್ಳನೂ ಸಿಗುತ್ತಾನೆ. ದಾಖಲೆ ಸಿಗುವುದೇ ಅಪರೂಪ.

"ಡಿಎನ್‌ಎ ಟೆಸ್ಟ್ ಮಾಡಿಸಿದರೆ ಆಯ್ತಲ್ಲ" ಅಂತ ನಿಮಗೆ ಅನ್ನಿಸಬಹುದು. ಅಪ್ಪ ಯಾರೆಂದು ತಿಳಿಯಲು ವೈ ವರ್ಣತಂತು ಬೇಕು. ಅದು ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತೆ, ಮಧ್ಯದಲ್ಲಿ ಒಂದೇ ಒಂದು ತಲೆಮಾರಿನಲ್ಲಿ ಮಗಳ ಮೂಲಕ ಬಂದರೂ ದಾರಿ ಮುಚ್ಚಿತು. ತಾಯಿಯ ಕಡೆಯ ಮೈಟೊಕಾಂಡ್ರಿಯಾ ಡಿಎನ್‌ಎ ಹೆಣ್ಣುಮಕ್ಕಳ ಮೂಲಕ ಮಾತ್ರ ಮುಂದಕ್ಕೆ ಸಾಗುತ್ತೆ. ಅದನ್ನು ಅಮೆರಿಕದ ನೆಲದಲ್ಲಿ ಮುಂದೆ ಸಾಗಿಸಬಹುದಾಗಿದ್ದವರು ಎಲೆನ್ ಮತ್ತು ಮೇರಿ. ರಿಚರ್ಡ್‌ಗೆ ಬಂದದ್ದು ರಿಚರ್ಡ್‌ನಲ್ಲೇ ನಿಂತಿತು.

ರಿಚರ್ಡ್ ಸಂತನಾಗಿ ಬೆಳೆದ ಅಂತೇನೂ ಅಲ್ಲ. ಬ್ರೂಸ್ಟರ್ ಮನೆಯಲ್ಲಿ ಬೆಳೆದ, 1627ರಲ್ಲಿ ವಸಾಹತಿನ ದನಗಳನ್ನು ಹಂಚಿಕೊಂಡಾಗಲೂ ಆ ಮನೆಯ ಪಟ್ಟಿಯಲ್ಲೇ ಇದ್ದಾನೆ. 1636ರಲ್ಲಿ ಕ್ರಿಶ್ಚಿಯನ್ ಹಂಟರ್ ಎಂಬಾಕೆಯನ್ನು ಮದುವೆಯಾಗಿ ಸೇಲಂ ಸೇರಿ ನಾವಿಕನಾದ. ಆಕೆ ಬದುಕಿರುವಾಗಲೇ 1645ರಲ್ಲಿ ಲಂಡನ್ನಿನ ಸ್ಟೆಪ್ನಿ ಚರ್ಚಿನಲ್ಲಿ ಇನ್ನೊಂದು ಮದುವೆ. ಆ ರಿಜಿಸ್ಟರ್‌ನಲ್ಲಿ ವರ ನ್ಯೂ ಇಂಗ್ಲೆಂಡಿನ ಸೇಲಂ ಊರಿನ ನಾವಿಕ ಅಂತ ಸ್ಪಷ್ಟವಾಗಿ ಬರೆದದ್ದರಿಂದ ಮುನ್ನೂರು ವರ್ಷದ ಮೇಲೆ ಸಿಕ್ಕಿಬಿದ್ದ. ಮುದುಕನಾದ ಮೇಲೆ 1688ರಲ್ಲಿ ಸೇಲಂ ಚರ್ಚು ಪರಸ್ತ್ರೀ ಸಂಗದ ಆರೋಪದ ಮೇಲೆ ಅವನನ್ನು ಹೊರಗಿಟ್ಟಿತು, 1691ರಲ್ಲಿ ಮತ್ತೆ ಸೇರಿಸಿಕೊಂಡಿತು. ತಾಯಿಯನ್ನು ಯಾವ ತಪ್ಪಿಗೆ ಇಡೀ ಊರು ಹೀನಾಯವಾಗಿ ಕಂಡಿತೋ ಅದೇ ತಪ್ಪು. ಅವಳ ಸಮಾಧಿ ಎಲ್ಲೂ ಗುರುತಿಲ್ಲ. ಇವನ ಕಲ್ಲಿನ ಪಕ್ಕದಲ್ಲಿ ಇಬ್ಬರು ಹೆಂಡತಿಯರ ಕಲ್ಲುಗಳೂ ಇವೆ, 1676ರಲ್ಲಿ ತೀರಿಕೊಂಡ ಕ್ರಿಶ್ಚಿಯನ್, 1686ರಲ್ಲಿ ತೀರಿಕೊಂಡ ಜೇನ್.

ತನ್ನ ಮೂಲದ ಬಗ್ಗೆ ಅವನಿಗೆ ಎಷ್ಟು ಗೊತ್ತಿತ್ತು? 1684ರ ಸೆಪ್ಟೆಂಬರ್‌ನಲ್ಲಿ ಅವನು ಪ್ರಮಾಣ ಮಾಡಿ ಕೊಟ್ಟ ಒಂದು ಸಾಕ್ಷಿ ಹೇಳಿಕೆ ಉಳಿದಿದೆ. ವಯಸ್ಸು ಎಪ್ಪತ್ತರ ಆಸುಪಾಸು ಅನ್ನುತ್ತಾನೆ, ಶಿಪ್ಟನ್ ರಿಜಿಸ್ಟರ್ ಜೊತೆ ತಾಳೆಯಾಗುತ್ತೆ. 1620ರಲ್ಲಿ ತಾನು ಲಂಡನ್ನಿನಲ್ಲಿ ಕಬ್ಬಿಣದ ವ್ಯಾಪಾರಿ ಥಾಮಸ್ ವೆಸ್ಟನ್ ಅವರ ಮನೆಯಲ್ಲಿದ್ದೆ, ಅಲ್ಲಿಂದ ತನ್ನನ್ನು ನ್ಯೂ ಪ್ಲಿಮತ್‌ಗೆ ಸಾಗಿಸಿದರು ಅನ್ನುತ್ತಾನೆ. ಅರವತ್ತನಾಲ್ಕು ವರ್ಷದ ಮೇಲೂ ಆ ಮನೆ ಯಜಮಾನನ ಹೆಸರು, ಅವನ ಕಸುಬು ನೆನಪಿದೆ. ಅದಕ್ಕೂ ಹಿಂದಿನದು, ಶಿಪ್ಟನ್, ಲಾರ್ಡನ್, ಅಮ್ಮ, ಗಾಡಿಯಲ್ಲಿ ಜೊತೆಗಿದ್ದ ಅಕ್ಕ, ಅಣ್ಣ, ತಂಗಿ, ಇವರ ಮಾತು ಆ ಸಾಲಿನಲ್ಲಿಲ್ಲ.